ಚೆರ್ರಿ ಮರದ ಊಟದ ಮೇಜಿಗೆ ಯಾವ ಪಾಲಿಶ್? ಅರಿಶಿನ, ಸಾರು ಚೆಲ್ಲಿ ನೋಡಿದೆ

ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಇಲ್ಲಿಂದ ಉತ್ತರಕ್ಕೆ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಅಲಿಗೇನಿ ಕಾಡು. ಹೆಸರುವಾಸಿಯಾದ ಬ್ಲ್ಯಾಕ್ ಚೆರ್ರಿ ಮರ ಬೆಳೆಯುವ ಸೀಮೆ ಅದು. ಅಲ್ಲೊಬ್ಬರು ಬಡಗಿ, ಒಬ್ಬರೇ ಕೂತು ಕೆಲಸ ಮಾಡುವವರು, ನಮಗೊಂದು ಊಟದ ಮೇಜು ಮಾಡಿಕೊಡಲು ಒಪ್ಪಿದರು. ಆರು ಜನ ಕೂರುವಷ್ಟು. ಹಬ್ಬಕ್ಕೆ ನೆಂಟರು ಬಂದರೆ ನಡುವೆ ಸೇರಿಸಲು ಒಂದು ಬಿಡಿ ಹಲಗೆ. ಅಳತೆ, ಕಾಲು, ಅಂಚು ಎಲ್ಲ ಮಾತಾದ ಮೇಲೆ ಅವರು ಕೇಳಿದರು: "ಮೇಲೆ ಏನು ಹಚ್ಚಲಿ?" ನನಗೆ ಉತ್ತರ ಗೊತ್ತಿರಲಿಲ್ಲ. ಪುಸ್ತಕದಷ್ಟಗಲದ ನಾಲ್ಕು ತುಂಡುಗಳಿಗೆ ನಾಲ್ಕು ಬಗೆ ಹಚ್ಚಿ ಕೈಗಿತ್ತು, "ನಿಮ್ಮ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿ" ಎಂದರು.

ಒಂದು ಮಾತು ಮಾತ್ರ ನಾನು ಮೊದಲೇ ಹೇಳಿಬಿಟ್ಟಿದ್ದೆ: ಬಣ್ಣದ ಸ್ಟೇನ್ ಬೇಡವೇ ಬೇಡ. ಹಿಂದೆ ಒಂದು ಅಂಗಡಿಯಲ್ಲಿ ಕೊಂಡ ಚೆರ್ರಿ ಟೀಪಾಯಿಗೆ ಸ್ಟೇನ್ ಬಳಿದಿದ್ದರು. ಈ ಮರ ಬಣ್ಣವನ್ನು ಒಂದೇ ಸಮ ಹೀರುವುದಿಲ್ಲ, ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿತ್ತು. ಮೇಲಾಗಿ ಚೆರ್ರಿ ಬೆಳಕಿಗೆ ತಾನಾಗಿ ಕೆಂಪೇರುತ್ತದೆ. ಸ್ಟೇನಿನ ಕೆಂಪಿನ ಮೇಲೆ ಅದರದ್ದೇ ಕೆಂಪು ಸೇರಿ ಎರಡೇ ವರ್ಷಕ್ಕೆ ಟೀಪಾಯಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು.

ನಾಲ್ಕೂ ತುಂಡುಗಳ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ದಕ್ಷಿಣದ ಕಿಟಕಿಯಲ್ಲಿಟ್ಟೆ. ಉಳಿದರ್ಧದ ಮೇಲೆ ಅರಿಶಿನದ ನೀರು, ಬಿಸಿ ಸಾರು, ರಾತ್ರಿಯಿಡೀ ಒದ್ದೆ ಲೋಟ.

ಲಿನ್ಸೀಡ್ ಎಣ್ಣೆ, ಅಂದರೆ ಅಗಸೆ ಎಣ್ಣೆ, ಹಚ್ಚಿದ ತುಂಡೇ ನೋಡಲು ಎಲ್ಲಕ್ಕಿಂತ ಚೆಂದ. ಬೆಳಕಿಗೆ ಹಿಡಿದು ಓರೆ ಮಾಡಿದರೆ ಮರದ ಎಳೆಗಳೊಳಗೆ ರೇಷ್ಮೆ ಸೀರೆಯ ಹಾಗೆ ಮಿನುಗು ಓಡುತ್ತದೆ. ಆದರೆ ಲೋಟದ ಕರೆ ಬೆಳಿಗ್ಗೆ ಹಾಗೇ ಕೂತಿತ್ತು, ಅರಿಶಿನ ಒಳಗಿಳಿದಿತ್ತು. ದಿನಾ ಉಣ್ಣುವ ಮೇಜಿಗೆ ಆಗದು.

ಎರಡನೆಯದು ಶೆಲ್ಯಾಕ್. ನಾನು ಮೈಸೂರಿನವಳು, ಇದು ನಮ್ಮ ಅರಗೇ ಅಲ್ಲವೇ! ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು. ಚುನಾವಣೆಯ ಶಾಯಿ ಮಾಡುವ ನಮ್ಮೂರ ಕಾರ್ಖಾನೆ 1937ರಲ್ಲಿ ಶುರುವಾದದ್ದೂ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ. ಅಜ್ಜನ ಬೀಟೆ ಬೀರುವಿಗೆ ಆಚಾರಿ ಬಟ್ಟೆಯ ಉಂಡೆ ಕಟ್ಟಿಕೊಂಡು ಗಂಟೆಗಟ್ಟಲೆ ಉಜ್ಜುತ್ತಿದ್ದುದು ಇದನ್ನೇ. ಬೇಗ ಒಣಗುತ್ತದೆ, ಬೆಚ್ಚನೆಯ ಹೊಂಬಣ್ಣ ಕೊಡುತ್ತದೆ. ಇದೇ ಗೆಲ್ಲಲಿ ಎಂದು ಮನಸಾರೆ ಬಯಸಿದೆ. ಆದರೆ ಸಾರಿನ ಬಿಸಿ ಪಾತ್ರೆ ಇಟ್ಟು ತೆಗೆದರೆ ಬೆಳ್ಳಗೆ ಉಂಗುರ. ಸ್ಯಾನಿಟೈಸರ್ ಹನಿ ಬಿದ್ದ ಕಡೆ ಅಂಟಂಟು, ಏಕೆಂದರೆ ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ದೇವರ ಮಂಟಪಕ್ಕೋ ಪುಸ್ತಕದ ಬೀರುವಿಗೋ ಕಣ್ಣುಮುಚ್ಚಿ ಹಾಕಿಸಿ, ಊಟದ ಮೇಜಿಗೆ ಬೇಡ.

ಮೂರನೆಯದು ನೀರು ಬೆರೆತ ಪಾಲಿಯುರಿಥೇನ್, ಅಂದರೆ ಪ್ಲಾಸ್ಟಿಕ್‌ನಂಥ ಪದರ ಕಟ್ಟುವ ಪಾಲಿಶ್. ಎಲ್ಲ ಕಾಟವನ್ನೂ ತಡೆಯಿತು. ಆದರೆ ಮರಕ್ಕೆ ಕಳೆಯೇ ಬರಲಿಲ್ಲ, ಗಾಜಿನ ಹಿಂದೆ ಇಟ್ಟ ಹಾಗೆ ತಣ್ಣಗೆ ಕಾಣಿಸಿತು.

ಕೊನೆಗೆ ಒಪ್ಪಿದ್ದು ಬಟ್ಟೆಯಲ್ಲಿ ಒರೆಸಿ ಹಚ್ಚುವ ಎಣ್ಣೆ-ವಾರ್ನಿಶ್: ಜನರಲ್ ಫಿನಿಶಸ್ ಕಂಪನಿಯ ಆರ್ಮ್-ಆರ್-ಸೀಲ್, ಸ್ಯಾಟಿನ್ (ಮಂದ ಹೊಳಪಿನದು). ಲಿನ್ಸೀಡ್‌ನ ಮಿನುಗು ಮುಕ್ಕಾಲು ಪಾಲು ಇದರಲ್ಲೂ ಇದೆ. ಲೋಟದ ಕರೆ ಇಲ್ಲ, ಸಾರಿನ ಗುರುತಿಲ್ಲ. ಅರಿಶಿನ ತೆಳ್ಳಗೆ ಹಳದಿ ಬಿಟ್ಟಿತು. ಕಿಟಕಿಯ ಬಿಸಿಲಿಗೆ ಕೆಲವೇ ದಿನದಲ್ಲಿ ಅದೂ ಮಾಯ. ಬಡಗಿ ಮೂರು ಕೋಟ್ ಕೊಟ್ಟರು, ಪ್ರತಿಯೊಂದಕ್ಕೂ ಒಂದು ದಿನ ಬಿಟ್ಟು, ನಡುವೆ ನಯವಾದ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ. ಮೇಜು ಬಂದು ಹದಿನಾಲ್ಕು ತಿಂಗಳಾಯಿತು, ಇನ್ನೂ ಒಂದು ಕಲೆ ಇಲ್ಲ. ವಾಸನೆ ಮಾತ್ರ ಮೊದಲ ವಾರ ತಲೆನೋಯುವಷ್ಟಿತ್ತು, ಕಿಟಕಿ ತೆಗೆದಿಡಿ.

ನೀವೇ ಹಚ್ಚುವುದಾದರೆ ಒಂದು ಎಚ್ಚರಿಕೆ. ಇಂಥ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ.

ತಿಂಗಳಾದ ಮೇಲೆ ತುಂಡುಗಳ ಕಪ್ಪು ಕಾಗದ ಬಿಚ್ಚಿದಾಗ ನಾಲ್ಕರಲ್ಲೂ ನಡುವೆ ಗೆರೆ ಎಳೆದ ಹಾಗಿತ್ತು. ಒಂದು ಕಡೆ ಹಸಿ ಮರದ ನಸುಗುಲಾಬಿ, ಇನ್ನೊಂದು ಕಡೆ ಜೋನಿ ಬೆಲ್ಲ. ಯಾವ ಪಾಲಿಶ್ ಹಾಕಿದರೂ ಈ ಬಣ್ಣ ಬೆಳಕಿನದೇ ಕೊಡುಗೆ. ಆದ್ದರಿಂದ ಮೊದಲ ಕೆಲವು ತಿಂಗಳು ಮೇಜಿನ ಮೇಲೆ ಬಟ್ಟೆ ಹಾಸಬೇಡಿ. ವರಮಹಾಲಕ್ಷ್ಮಿ ಹಬ್ಬದ ಹಿತ್ತಾಳೆ ತಟ್ಟೆಯನ್ನು ನಾನು ಎರಡು ವಾರ ಅಲ್ಲೇ ಮರೆತಿದ್ದೆ. ಎತ್ತಿದಾಗ ಕೆಳಗೆ ಚಂದ್ರನಂಥ ಬಿಳಿ ವೃತ್ತ. ಸುತ್ತಲಿನ ಬಣ್ಣಕ್ಕೆ ಅದು ಸೇರಿಕೊಳ್ಳಲು ದೀಪಾವಳಿ ದಾಟಬೇಕಾಯಿತು. ಆ ಬಿಡಿ ಹಲಗೆಯನ್ನೂ ಈಗ ಬೀರುವಿನಲ್ಲಿ ಮುಚ್ಚಿಡುವುದಿಲ್ಲ. ಸೋಫಾ ಪಕ್ಕ ಕಿಟಕಿಯ ಬೆಳಕಿಗೆ ನಿಲ್ಲಿಸಿದ್ದೇನೆ, ವಾರಕ್ಕೊಮ್ಮೆ ಮಗ್ಗುಲು ಬದಲಿಸುತ್ತೇನೆ.