ಸಿಟ್ರೇಟ್, ಅಸಿಟೇಟ್, ಈಥೈಲ್ ಅಸಿಟೇಟ್: ದ್ರಾಕ್ಷಿ, ಕರಿಬೇವು, ಮೆಣಸಿನಪುಡಿಗೆ ಯಾವುದು?

ಕೀಟನಾಶಕದ ಶೇಷವನ್ನು ಮಾದರಿಯಿಂದ ಹೊರತೆಗೆಯುವ ಮೂರು ವಿಧಾನಗಳಲ್ಲಿ ದ್ರಾಕ್ಷಿಗೆ ಯಾವುದಾದರೂ ನಡೆಯುತ್ತದೆ. ಅಗ್ಗದ್ದು ಈಥೈಲ್ ಅಸಿಟೇಟ್: 10 ಗ್ರಾಂ ರುಬ್ಬಿದ ಹಣ್ಣು, 10 ಮಿ.ಲೀ. ದ್ರಾವಕ, 10 ಗ್ರಾಂ ನಿರ್ಜಲ ಸೋಡಿಯಂ ಸಲ್ಫೇಟ್. ಸಲ್ಫೇಟ್ ಕಡಿಮೆ ಬಿದ್ದರೆ ಮೆಥಮಿಡೋಫಾಸ್‌ನಂಥ, ನೀರಲ್ಲಿ ಕರಗುವ ಕೀಟನಾಶಕಗಳು ಹಣ್ಣಿನ ನೀರಲ್ಲೇ ಉಳಿದುಬಿಡುತ್ತವೆ. ಶೇಷ ಅಳೆಯುವ ಎಲ್‌ಸಿ (ದ್ರವ ಕ್ರೊಮ್ಯಾಟೋಗ್ರಫಿ) ಯಂತ್ರಕ್ಕೆ ಹಾಕಬೇಕೆಂದರೆ ಆವಿ ಮಾಡಿ ದ್ರಾವಕ ಬದಲಿಸಬೇಕು. ಆಗ ಬೇಗ ಆವಿಯಾಗುವ ಡೈಕ್ಲೋರ್ವಾಸ್ ಕೀಟನಾಶಕ ಹಾರಿಹೋಗುತ್ತದೆ.

ಉಳಿದೆರಡೂ ಕ್ವೆಚರ್ಸ್, ಅಂದರೆ ಅಸಿಟೋನೈಟ್ರೈಲ್ ದ್ರಾವಕಕ್ಕೆ ಲವಣ ಹಾಕಿ ಶೇಷವನ್ನು ನೀರಿನಿಂದ ಬೇರ್ಪಡಿಸುವ ವಿಧಾನ. ಸಿಟ್ರೇಟ್‌ನಲ್ಲಿ 10 ಗ್ರಾಂ ಮಾದರಿಗೆ 10 ಮಿ.ಲೀ. ಅಸಿಟೋನೈಟ್ರೈಲ್, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು, ಒಟ್ಟು 1.5 ಗ್ರಾಂ ಸಿಟ್ರೇಟ್ ಲವಣಗಳು. ಅಸಿಟೇಟ್‌ನಲ್ಲಿ 15 ಗ್ರಾಂ ಮಾದರಿಗೆ ಶೇ. 1 ಅಸಿಟಿಕ್ ಆಮ್ಲ ಬೆರೆಸಿದ 15 ಮಿ.ಲೀ. ಅಸಿಟೋನೈಟ್ರೈಲ್, 6 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1.5 ಗ್ರಾಂ ಸೋಡಿಯಂ ಅಸಿಟೇಟ್. ಪೈಮೆಟ್ರೋಜಿನ್ ಕೀಟನಾಶಕ ನೋಡಬೇಕಿದ್ದರೆ ಅಸಿಟೇಟೇ ಮೇಲು. ಆದರೆ ದ್ರಾವಣದ ಕಸವನ್ನು ಹಿಡಿದಿಟ್ಟು ಶುದ್ಧಮಾಡುವ ಪಿಎಸ್‌ಎ ಪುಡಿಯ ಹಿಡಿತವನ್ನು ಅಸಿಟಿಕ್ ಆಮ್ಲ ತಿಂದುಹಾಕುವುದರಿಂದ ಆ ಪುಡಿಯನ್ನು ದ್ರಾವಣದ ಮಿ.ಲೀ.ಗೆ 25ರ ಬದಲು 50 ಮಿ.ಗ್ರಾಂ ಹಾಕಬೇಕು. ಎರಡರಲ್ಲೂ ಲವಣ ಬಿದ್ದ ಕೂಡಲೇ ಕೊಳವೆ ಕುಲುಕಿ. ತಡವಾದರೆ ಬಿಸಿಯೇರಿ ಗಡ್ಡೆ ಕಟ್ಟುತ್ತದೆ.

ನಿಜವಾದ ತಲೆನೋವು ಕರಿಬೇವು. ಈಥೈಲ್ ಅಸಿಟೇಟ್ ಎಲೆಯ ಮೇಣ, ಪತ್ರಹರಿತ್ತುಗಳನ್ನೆಲ್ಲ ಎಳೆದು ತರುತ್ತದೆ. ಅದನ್ನು ಇಲ್ಲಿ ಬಳಸಬೇಡಿ. ನಮ್ಮ ಆಯ್ಕೆ ಸಿಟ್ರೇಟ್. ಆದರೂ ಗೆಲುವು ಸೋಲು ನಿಂತಿರುವುದು ಲವಣದ ಮೇಲಲ್ಲ, ಶುದ್ಧೀಕರಣದ ಮೇಲೆ. ಪತ್ರಹರಿತ್ತು ಪಿಎಸ್‌ಎಗೆ ಬಗ್ಗುವುದಿಲ್ಲ, ಗ್ರಾಫೈಟ್ ಇಂಗಾಲದ ಪುಡಿಯೇ ಬೇಕು: ಮಿ.ಲೀ.ಗೆ 7.5 ಮಿ.ಗ್ರಾಂ. ದ್ರಾವಣ ನೀರಿನಂತೆ ತಿಳಿಯಾಗಲಿ ಎಂದು ಇನ್ನಷ್ಟು ಸುರಿದರೆ ಕ್ಲೋರೋಥಲೋನಿಲ್, ಥಯಾಬೆಂಡಜೋಲ್ ಇಂಗಾಲಕ್ಕೇ ಅಂಟಿಕೊಳ್ಳುತ್ತವೆ. ತೆಳು ಹಸಿರು ಉಳಿದಿದ್ದರೆ ಸರಿ. 2,4-ಡಿ ಎಂಬ ಕಳೆನಾಶಕ ಆಮ್ಲ, ಪಿಎಸ್‌ಎಗೆ ಅಂಟಿಕೊಳ್ಳುತ್ತದೆ; ಅದನ್ನು ನೋಡುವುದಿದ್ದರೆ ಪಿಎಸ್‌ಎ ಹಾಕುವ ಮೊದಲೇ ಒಂದು ಪಾಲು ತೆಗೆದಿಡಿ. ಶುದ್ಧೀಕರಣ ಮುಗಿದ ಮೇಲೆ ಮಿ.ಲೀ.ಗೆ 10 ಮೈಕ್ರೋಲೀಟರ್‌ನಂತೆ, ಅಸಿಟೋನೈಟ್ರೈಲ್‌ನಲ್ಲಿ ಶೇ. 5ರ ಫಾರ್ಮಿಕ್ ಆಮ್ಲ ಸೇರಿಸಿ. ಪಿಎಸ್‌ಎ ದ್ರಾವಣವನ್ನು ಕ್ಷಾರೀಯ ಮಾಡಿರುತ್ತದೆ; ಆಮ್ಲ ಹಾಕದಿದ್ದರೆ ಕ್ಷಾರಕ್ಕೆ ತಾಳದ ಕೀಟನಾಶಕಗಳು ಸೀಸೆಯಲ್ಲೇ ಒಡೆದು ಹಾಳಾಗುತ್ತವೆ.

ಬ್ಯಾಡಗಿ ಮೆಣಸಿನಪುಡಿಗೂ ಸಿಟ್ರೇಟೇ: 2 ಗ್ರಾಂ ಪುಡಿ, 10 ಮಿ.ಲೀ. ನೀರಲ್ಲಿ ಅರ್ಧ ಗಂಟೆ ನೆನೆಸಿ. ನೆನೆಸದಿದ್ದರೆ ಶೇಷ ಒಳಗೇ ಉಳಿಯುತ್ತದೆ. ಎಣ್ಣೆ ತೆಗೆಯಲು ಕೊಬ್ಬು ಹೀರುವ ಸಿ18 ಪುಡಿ ಬೇಕು. ಅಷ್ಟಾದರೂ ಬಣ್ಣ ಹೋಗದು. ದ್ರಾವಣವನ್ನು ತೆಳು ಮಾಡಿ, ಔಷಧಿ ಸೋಕದ ಮೆಣಸಿನ ಸಾರಕ್ಕೇ ಗೊತ್ತಿರುವ ಪ್ರಮಾಣದ ಕೀಟನಾಶಕ ಬೆರೆಸಿ, ಹೋಲಿಕೆಗೆ ಮಾನಕ ರೇಖೆ ಎಳೆಯಿರಿ. ರಿಕವರಿ, ಅಂದರೆ ಬೆರೆಸಿದ್ದರಲ್ಲಿ ಮರಳಿ ಸಿಕ್ಕ ಪಾಲು, ಶೇ. 70ರಿಂದ 120ರೊಳಗೆ ಬರಬೇಕು.

ಇಷ್ಟೆಲ್ಲ ಮಾಡಿದರೂ ದ್ರಾಕ್ಷಿಗೆ ಹೊಡೆಯುವ ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಈ ಮೂರು ವಿಧಾನಗಳಲ್ಲೂ ಸಿಗುವುದಿಲ್ಲ. ಅದನ್ನು ಸ್ಟ್ಯಾನಸ್ ಕ್ಲೋರೈಡ್, ಹೈಡ್ರೋಕ್ಲೋರಿಕ್ ಆಮ್ಲಗಳ ಜೊತೆ ಕಾಯಿಸಿ, ಹೊರಡುವ ಕಾರ್ಬನ್ ಡೈಸಲ್ಫೈಡ್ ಅನ್ನು ಜಿಸಿಯಲ್ಲಿ (ಅನಿಲ ಕ್ರೊಮ್ಯಾಟೋಗ್ರಫಿ ಯಂತ್ರ) ಅಳೆಯಬೇಕು.