ಹೊಸ ಅಕ್ಕೋರಿಗೆ ಆಸರೆ: ಫೋನಿನಲ್ಲೋ, ಎದುರಿಗೋ?

ಜೋಯಿಡಾದ ಕಾಡಿನ ಶಾಲೆಗೆ ಹೊಸದಾಗಿ ಸೇರಿದ್ದೀರಾ? 2017ರಲ್ಲಿ ಶುರುವಾದ, ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಪಾಠದ ವಿಡಿಯೊ, ತರಬೇತಿ ಸಿಗುತ್ತವೆ. ನಿಮ್ಮ ತರಗತಿ ಬಲ್ಲವರು ಅಲ್ಲಿಲ್ಲ. ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಸಿಗುವ ಹಿರಿಯ ಶಿಕ್ಷಕಿಯ ಮಾತೇ ಬೇರೆ. ಮುಖ್ಯೋಪಾಧ್ಯಾಯರ ಮುಂದೆ ಹೇಳಲಾಗದ್ದನ್ನೂ ಅವರಲ್ಲಿ ಹೇಳಿಕೊಳ್ಳಬಹುದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋದರೆ ಮಾತ್ರ ಕಷ್ಟ.

ಇನ್ನು ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಬಂದು ಶಿಕ್ಷಕರಿಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಅವರಿಗೆ ಸುತ್ತಲು ಹಲವು ಶಾಲೆಗಳಿವೆ, ಪದೇ ಪದೇ ಬರಲಾಗದು. ಆದರೆ ಕಾರ್ಡು, ಆಟಗಳ ಮೂಲಕ ಕಲಿಸುವ ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿಯವರೆಲ್ಲ ಒಟ್ಟಿಗೇ ಕೂತಿರುತ್ತಾರೆ. ಮನೆಯಲ್ಲಿ ಕೊಂಕಣಿ ಮಾತಾಡುವ ಮಗು ಕನ್ನಡದ ಕಾರ್ಡು ಹಿಡಿದು, ಪಕ್ಕದವಳ ಬಾಯಿ ನೋಡಿ ತುಟಿ ಆಡಿಸುತ್ತಿರುತ್ತದೆ. ಇದು ಫೋನಿನಲ್ಲಿ ಕಾಣುವುದಿಲ್ಲ, ಚಾಪೆಯ ಮೇಲೆ ಜೊತೆಗೆ ಕೂತವರಿಗೆ ಕಾಣುತ್ತದೆ.

ಮೊದಲ ತಿಂಗಳು ಎದುರಿಗೆ ಬರುವವರನ್ನೇ ಹಿಡಿದುಕೊಳ್ಳಿ. ಆಮೇಲೆ ಫೋನು ಸಾಕಾಗುತ್ತದೆ.