ಫೈಫಾಕ್ಸ್: ಅಡಿಕೆ ಮಷಿನ್ ಯಾಕೆ ಅದುರುತ್ತದೆ ಎಂದು ತೋರಿಸಿಕೊಟ್ಟ ಆಪ್

ಫೈಫಾಕ್ಸ್ ಒಂದು ಉಚಿತ ಮೊಬೈಲ್ ಆಪ್. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದ ಭೌತಶಾಸ್ತ್ರದವರು ತಯಾರಿಸಿದ್ದು, 2016ರಲ್ಲಿ ಹೊರಬಂತು. ಫೋನಿನೊಳಗಿರುವ ಸೆನ್ಸರ್‌ಗಳಿಂದ ಪ್ರಯೋಗ ಮಾಡಿಸುವುದು ಇದರ ಕೆಲಸ. ಹೆಚ್ಚಾಗಿ ಬಳಸುವವರು ಕಾಲೇಜು ಮಕ್ಕಳು ಮತ್ತು ಮೇಷ್ಟ್ರುಗಳು. ನಾನು ಬಳಸುತ್ತಿರುವುದು ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ. ಅಡಿಕೆ ಸುಲಿಯುವ ಮಷಿನ್, ತೋಟದ ಪಂಪ್‌ಸೆಟ್, ಪಕ್ಕದೂರಿನ ಹಿಟ್ಟಿನ ಗಿರಣಿ, ಹೀಗೆ ಎಲ್ಲಿ ಏನು ಅದುರಿದರೂ ಇದನ್ನೇ ತೆಗೆಯುತ್ತೇನೆ. ಕೆಲವು ಕೊನೆಕೊಯ್ಲು ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಅದುರು ಸೆಕೆಂಡಿಗೆ ಎಷ್ಟು ಸಲ ಎಂದು ಈ ಆಪ್ ಹೇಳಿದರೆ ಬಹುಮಟ್ಟಿಗೆ ನಂಬಬಹುದು. ಅದುರು ಎಷ್ಟು ಜೋರು ಎಂದು ಹೇಳಿದರೆ ಮಾತ್ರ ಸ್ವಲ್ಪ ತಡೆದು ಲೆಕ್ಕ ಹಾಕಬೇಕು. ಆದರೆ ರಿಪೇರಿಗೆ ದಾರಿ ತೋರಿಸುವುದು ಮೊದಲನೆಯದೇ. ಹಾಗಾಗಿ ನನಗೆ ಇದು ತುಂಬ ಉಪಯೋಗಕ್ಕೆ ಬಂದಿದೆ.

ಆಪ್‌ನಲ್ಲಿ ಹತ್ತಾರು ಪ್ರಯೋಗಗಳಿವೆ. ನಮಗೆ ಬೇಕಾದದ್ದು ‘ಆಕ್ಸೆಲರೇಶನ್ ಸ್ಪೆಕ್ಟ್ರಮ್’. ಫೋನನ್ನು ಮಷಿನ್ ಮೇಲೆ ಅಂಟಿಸಿ ಒತ್ತಿದರೆ ಒಂದು ಗ್ರಾಫ್ ಬರುತ್ತದೆ. ಯಾವ ಹರ್ಟ್ಸ್‌ನಲ್ಲಿ (ಅಂದರೆ ಸೆಕೆಂಡಿಗೆ ಎಷ್ಟು ಸಲ) ಅದುರು ಇದೆಯೋ ಅಲ್ಲಿ ಗೆರೆ ಮೇಲೇಳುತ್ತದೆ. ನಮ್ಮ ಅಡಿಕೆ ಮಷಿನ್‌ನ ಮೋಟರಿನ ತಗಡಿನ ಮೇಲೆ 1440 ಆರ್‌ಪಿಎಂ, ಅಂದರೆ ನಿಮಿಷಕ್ಕೆ 1440 ಸುತ್ತು ಎಂದಿದೆ. ಅದನ್ನು 60ರಿಂದ ಭಾಗಿಸಿದರೆ 24. ಗ್ರಾಫಿನಲ್ಲೂ ಸರಿಯಾಗಿ ಅಲ್ಲೇ ಗೆರೆ ನಿಂತಿತ್ತು. ಡ್ರಮ್ಮಿನ ಪುಲ್ಲಿ ಮೋಟರಿನ ಪುಲ್ಲಿಗಿಂತ ಎರಡರಷ್ಟು ದೊಡ್ಡದು. ಅಂದರೆ ಡ್ರಮ್ ತಿರುಗುವುದು 720 ಆರ್‌ಪಿಎಂ, 12 ಹರ್ಟ್ಸ್. ಅಲ್ಲೂ ಒಂದು ಗೆರೆ. ಬೆಲ್ಟ್ ಕಳಚಿ ಮೋಟರ್ ಒಂದನ್ನೇ ಓಡಿಸಿದಾಗ 12ರ ಗೆರೆ ಮಾಯ. ಯಾವ ಅದುರು ಯಾರದ್ದು ಎಂದು ಇಷ್ಟರಲ್ಲೇ ಗೊತ್ತಾಯಿತು.

ಈ ಆಪ್ ನಿಜವಾಗಿ ಕೈಹಿಡಿದದ್ದು ರಬ್ಬರ್ ಪಾದಗಳ ವಿಷಯದಲ್ಲಿ. ಅದುರು ಕಡಿಮೆಯಾಗುತ್ತದೆ ಎಂದು ಅಂಗಡಿಯವರು ಹೇಳಿದ್ದಕ್ಕೆ ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ರಬ್ಬರ್ ಹಾಕಿಸಿದ್ದೆವು. ಅದುರು ಜಾಸ್ತಿಯೇ ಆಯಿತು. ಮಷಿನ್ ಕುಣಿಯುತ್ತಿತ್ತು. ರಬ್ಬರ್ ಕಳಪೆ ಅಂದರು ಒಬ್ಬರು, ಬೇರಿಂಗ್ ಹೋಗಿದೆ ಅಂದರು ಇನ್ನೊಬ್ಬರು.

ಮಷಿನ್ ಬಂದ್ ಮಾಡಿ, ಫೋನ್ ಅಂಟಿಸಿ, ಮರದ ಕೊಡತಿಯಿಂದ ಸ್ಟ್ಯಾಂಡಿಗೆ ಒಂದು ಪೆಟ್ಟು ಕೊಟ್ಟು ನೋಡಿದೆ. ಪೆಟ್ಟು ಬಿದ್ದಾಗ ಯಾವ ವಸ್ತುವಾದರೂ ತನ್ನದೇ ಲಯದಲ್ಲಿ ಅದುರಿ ಸುಮ್ಮನಾಗುತ್ತದೆ. ಅದು ಆ ವಸ್ತುವಿನ ಸಹಜ ಫ್ರೀಕ್ವೆನ್ಸಿ. ರಬ್ಬರ್ ಮೇಲೆ ಕೂತ ನಮ್ಮ ಮಷಿನ್‌ನದು 12ರ ಆಸುಪಾಸಿನಲ್ಲಿ ಬಂತು. ಡ್ರಮ್ ದೂಡುತ್ತಿರುವುದೂ 12ರಲ್ಲೇ! ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ, ಪ್ರತಿ ಸುತ್ತೂ ಅದುರಿಗೆ ಬಲ ಕೊಡುತ್ತಿತ್ತು. ಇದೇ ರೆಸೊನೆನ್ಸ್. ರಬ್ಬರೂ ಕೆಟ್ಟಿರಲಿಲ್ಲ, ಬೇರಿಂಗೂ ಕೆಟ್ಟಿರಲಿಲ್ಲ. ಈ ತೂಕಕ್ಕೆ, ಈ ವೇಗಕ್ಕೆ ಆ ರಬ್ಬರ್ ಹೊಂದುತ್ತಿರಲಿಲ್ಲ, ಅಷ್ಟೇ.

ಇಲ್ಲಿ ಒಂದು ಲೆಕ್ಕ ಎಲ್ಲರಿಗೂ ಗೊತ್ತಿರಬೇಕು ಅನ್ನಿಸುತ್ತದೆ. ರಬ್ಬರ್ ಅದುರನ್ನು ತಡೆಯಬೇಕಾದರೆ, ಮಷಿನ್ ತಿರುಗುವ ಫ್ರೀಕ್ವೆನ್ಸಿ ಸಹಜ ಫ್ರೀಕ್ವೆನ್ಸಿಯ 1.41 ಪಟ್ಟಿಗಿಂತ ಜಾಸ್ತಿ ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ ರಬ್ಬರ್ ತಡೆಯುವುದಿಲ್ಲ, ಅದುರನ್ನು ಹೆಚ್ಚೇ ಮಾಡುತ್ತದೆ. ನಮ್ಮ 12 ಹರ್ಟ್ಸ್‌ಗೆ ಸಹಜ ಫ್ರೀಕ್ವೆನ್ಸಿ 8.5ಕ್ಕಿಂತ ಕೆಳಗೆ ಬರಬೇಕಿತ್ತು. ಅಂದಾಜು ಮಾಡುವುದು ಸುಲಭ. ಮಷಿನ್ ಭಾರಕ್ಕೆ ರಬ್ಬರ್ ಎಷ್ಟು ಮಿಲಿಮೀಟರ್ ಕುಸಿಯುತ್ತದೆ ನೋಡಿ, ಆ ಸಂಖ್ಯೆಯ ವರ್ಗಮೂಲದಿಂದ 15.8 ಅನ್ನು ಭಾಗಿಸಿ. 2 ಮಿ.ಮೀ. ಕುಸಿದರೆ ಸುಮಾರು 11 ಹರ್ಟ್ಸ್, 4 ಮಿ.ಮೀ. ಕುಸಿದರೆ ಸುಮಾರು 8. ರಬ್ಬರಿನಲ್ಲಿ ನಿಜವಾದದ್ದು ಇದಕ್ಕಿಂತ ತುಸು ಮೇಲೆಯೇ ಬರುತ್ತದೆ. ನಮ್ಮದು 2 ಮಿ.ಮೀ. ಹತ್ತಿರ ಕುಸಿದಿತ್ತು. ಅಂಗಡಿಯಲ್ಲಿ ರಬ್ಬರ್ ಕೊಡುವಾಗ ಮಷಿನ್ ತೂಕ ಎಷ್ಟು, ವೇಗ ಎಷ್ಟು ಎಂದು ಕೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಮೆತ್ತನೆಯ ರಬ್ಬರ್ ಹಾಕಬಹುದಿತ್ತು. ನಾವು ರಬ್ಬರ್ ತೆಗೆಸಿ, ಸ್ಟ್ಯಾಂಡನ್ನು ಕಾಂಕ್ರೀಟ್ ನೆಲಕ್ಕೇ ಬೋಲ್ಟ್ ಹಾಕಿ ಬಿಗಿಸಿದೆವು. ಮತ್ತೆ ಪೆಟ್ಟು ಕೊಟ್ಟು ನೋಡಿದರೆ ಸಹಜ ಫ್ರೀಕ್ವೆನ್ಸಿ 40ರ ಆಚೆ ಹೋಗಿತ್ತು. ಈಗ ಮಷಿನ್ ತಣ್ಣಗೆ ಓಡುತ್ತಿದೆ.

ಇನ್ನು ಅದುರಿನ ಪ್ರಮಾಣದ ವಿಷಯ. ಹೊಸಬರು ಎಡವುವುದು ಇಲ್ಲೇ. ಫೋನ್ ಅಳೆಯುವುದು ವೇಗೋತ್ಕರ್ಷವನ್ನು, ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು; ಅಲುಗಾಡಿದ ದೂರವನ್ನಲ್ಲ. ಗ್ರಾಫಿನಲ್ಲಿ 12ರ ಗೆರೆಯೂ 24ರ ಗೆರೆಯೂ ಒಂದೇ ಎತ್ತರ ಇವೆ ಅಂದುಕೊಳ್ಳಿ. ಎರಡೂ ಸಮ ಅನ್ನಿಸುತ್ತದೆ ಅಲ್ವಾ? ಅಲ್ಲ. ಸೆಕೆಂಡ್ ವರ್ಗಕ್ಕೆ 1 ಮೀಟರ್ ವೇಗೋತ್ಕರ್ಷ ಅಂದರೆ 24 ಹರ್ಟ್ಸ್‌ನಲ್ಲಿ ಮಷಿನ್ ಆಚೀಚೆ ಸರಿಯುವುದು 0.044 ಮಿ.ಮೀ. ಮಾತ್ರ. 12 ಹರ್ಟ್ಸ್‌ನಲ್ಲಿ ಅದೇ ಸಂಖ್ಯೆಗೆ 0.176 ಮಿ.ಮೀ., ನಾಲ್ಕು ಪಟ್ಟು. ಫ್ರೀಕ್ವೆನ್ಸಿ ಕೆಳಗಿಳಿದಷ್ಟೂ ಸಣ್ಣ ಗೆರೆಯ ಹಿಂದೆ ದೊಡ್ಡ ಓಲಾಟ ಇರುತ್ತದೆ. ಕಾರ್ಖಾನೆಯವರು ಇದನ್ನು ವೇಗದಲ್ಲಿ, ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ ನೋಡುತ್ತಾರೆ. ಮಷಿನ್ ಅದುರಿಗೆ ಹಿಂದೆ ಇದ್ದ ಐಎಸ್‌ಒ 10816 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ 15 ಕಿಲೋವ್ಯಾಟ್‌ವರೆಗಿನ ಸಣ್ಣ ಮಷಿನ್‌ಗಳಿಗೆ 4.5 ದಾಟಿದರೆ ಅಪಾಯದ ವಲಯ ಎಂದಿತ್ತು. ಫೈಫಾಕ್ಸ್ ಈ ಸಂಖ್ಯೆಯನ್ನು ನೇರವಾಗಿ ಕೊಡುವುದಿಲ್ಲ, ನಾವೇ ಲೆಕ್ಕ ಮಾಡಬೇಕು. ನಾನು ಒಂದೇ ಜಾಗದಲ್ಲಿ, ಒಂದೇ ಫೋನಿನಲ್ಲಿ ಹಿಂದೆ ಮುಂದೆ ಹೋಲಿಸಿ ನೋಡಲು ಮಾತ್ರ ಎತ್ತರವನ್ನು ಬಳಸುತ್ತೇನೆ.

ಫೋನನ್ನು ಕೂರಿಸುವ ರೀತಿಯೂ ಮುಖ್ಯ. ಕವರ್ ತೆಗೆಯಿರಿ. ಮೆತ್ತನೆಯ ಕವರ್ ಕೂಡ ಒಂದು ಸ್ಪ್ರಿಂಗೇ. ಎರಡೂ ಬದಿ ಅಂಟುವ ತೆಳು ಟೇಪ್ ಸಾಕು. ಸುಮ್ನೆ ಮೇಲೆ ಇಟ್ಟರೆ ಜೋರು ಅದುರಿಗೆ ಫೋನ್ ಎಗರಿ ಗ್ರಾಫ್ ಕೆಡುತ್ತದೆ.

ಫ್ರೀಕ್ವೆನ್ಸಿಯನ್ನು ನಂಬಬಹುದು ಎಂದೆನಲ್ಲ, ಅದಕ್ಕೂ ಒಂದು ಮಿತಿ ಇದೆ. ಸೆನ್ಸರ್ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೋ ಅದರ ಅರ್ಧದವರೆಗೆ ಮಾತ್ರ ಕಾಣುವುದು. 100 ಸಲ ಅಳೆಯುವ ಹಳೆಯ ಫೋನಿನಲ್ಲಿ 50 ಹರ್ಟ್ಸ್‌ಗೆ ಮುಗಿಯಿತು. ಅದಕ್ಕಿಂತ ಮೇಲಿನದು ಕಾಣದೇ ಹೋದರೆ ಚಿಂತೆ ಇರಲಿಲ್ಲ, ಮಡಚಿಕೊಂಡು ಕೆಳಗೆ ಬರುತ್ತದೆ. 2880 ಆರ್‌ಪಿಎಂ ಪಂಪ್‌ಸೆಟ್‌ನ ಫ್ರೀಕ್ವೆನ್ಸಿ 48 ಹರ್ಟ್ಸ್. ಅದರ ಎರಡರಷ್ಟಾದ 96ರ ಅದುರು ಆ ಫೋನಿನಲ್ಲಿ 4 ಹರ್ಟ್ಸ್ ಎಂದು ಕಾಣಿಸಬಹುದು. ಇಲ್ಲದ ರೋಗಕ್ಕೆ ಮದ್ದು ಹುಡುಕಬೇಕಾಗುತ್ತದೆ. ಅನುಮಾನ ಬಂದರೆ ಬೇರೆ ಫೋನಿನಲ್ಲೂ ನೋಡಿ.

ತೂಗುಸೇತುವೆಯಂಥ ನಿಧಾನದ ಓಲಾಟಕ್ಕೆ ಈ ತೊಂದರೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಹೊಳೆ ದಾಟಲು ಇಂಥ ಸೇತುವೆಗಳಿವೆ. ನಡೆಯುವವರ ಹೆಜ್ಜೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು, ಎಡಬಲದ ತಳ್ಳು ಅದರ ಅರ್ಧ. ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನ್‌ನಲ್ಲಿ ತೆರೆದ ಎರಡೇ ದಿನಕ್ಕೆ ಮುಚ್ಚಿದ್ದು ಈ ಎಡಬಲದ ಓಲಾಟಕ್ಕೇ. ಓಲಾಟವನ್ನು ಹೀರಿಕೊಳ್ಳುವ ಡ್ಯಾಂಪರ್ ಹಾಕಿ ಮತ್ತೆ ತೆರೆದದ್ದು 2002ರಲ್ಲಿ. ಇಂಥ ಕಡೆ ಅಳೆಯುವಾಗ ಸಮಯ ಕೊಡಿ. 20 ಸೆಕೆಂಡ್ ದಾಖಲಿಸಿದರೆ 0.05 ಹರ್ಟ್ಸ್‌ವರೆಗಿನ ವ್ಯತ್ಯಾಸ ಗೊತ್ತಾಗುತ್ತದೆ, 2 ಸೆಕೆಂಡಿಗೆ 0.5 ಮಾತ್ರ. ಇದಕ್ಕೆ ಬೇಕಾದ ಸ್ಯಾಂಪಲ್‌ಗಳ (ಒಂದೊಂದು ಸಲದ ಅಳತೆಯ) ಸಂಖ್ಯೆಯನ್ನು ಆಪ್‌ನಲ್ಲೇ ಬದಲಿಸಬಹುದು.

ನಮ್ಮ ಕಡೆ ನೆಟ್‌ವರ್ಕ್ ಬಂದರೆ ಬಂತು. ಆಪ್‌ಗೆ ಇಂಟರ್‌ನೆಟ್ ಬೇಕಿಲ್ಲ. ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ದೂರದಿಂದಲೇ ಶುರು ಮಾಡಬಹುದು, ಗ್ರಾಫ್ ನೋಡಬಹುದು. ತಿರುಗುವ ಬೆಲ್ಟ್ ಹತ್ತಿರ ಕೈ ಹಾಕುವ ಕೆಲಸ ತಪ್ಪಿತು. ಅಳತೆಗಳನ್ನು ಎಕ್ಸೆಲ್ ಫೈಲ್ ಆಗಿ ಉಳಿಸಿಕೊಳ್ಳಬಹುದು.

ದಿನಬಳಕೆಯ ಒಳ್ಳೆ ಫೋನನ್ನು ಮಾತ್ರ ಇದಕ್ಕೆ ಹಾಕಬೇಡಿ. ಬೈಕ್ ಎಂಜಿನ್‌ನಂಥ ಜೋರು ಅದುರಿನಿಂದ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಪರದೆ ಬಿರುಕು ಬಿಟ್ಟ ಹಳೆಯ ಫೋನ್ ಇದ್ದರೆ ಅದೇ ಸಾಕು.

5ರಲ್ಲಿ 4 ನಕ್ಷತ್ರ. ಒಂದು ಕಡಿಮೆ ಮಾಡಿದ್ದು ವೇಗದ ಲೆಕ್ಕ ನೇರವಾಗಿ ಸಿಗದಿರುವುದಕ್ಕೆ. ಬೇರಿಂಗ್ ಸವೆಯಲು ಶುರುವಾಗಿದೆಯೇ ಎಂದು ತಿಳಿಯಲು ಇದನ್ನು ನೆಚ್ಚಿಕೊಳ್ಳಬೇಡಿ. ಆ ಸದ್ದು ಸಾವಿರಾರು ಹರ್ಟ್ಸ್‌ನಲ್ಲಿರುತ್ತದೆ, ಫೋನಿನ ಈ ಸೆನ್ಸರ್‌ಗೆ ಸಿಗುವುದಿಲ್ಲ. ಅದಕ್ಕೆ ಬೇರೆಯೇ ಮೀಟರ್ ಬೇಕು.